ಬೇಲಿ ಗಿಡ: ಬುಡದಿಂದಲೇ ಮರೆ ಬೇಕು ಅಂದ್ರೆ

ಎಷ್ಟೋ ಮನೆಗಳ ಬೇಲಿ ನೋಡಿ. ಮೇಲೆ ಎಲೆ ಒತ್ತಾಗಿದೆ, ಮೊಣಕಾಲಿಂದ ಕೆಳಗೆ ಬರೀ ಕಡ್ಡಿ. ರಸ್ತೇಲಿ ನಿಂತೋರಿಗೆ ಜಗುಲಿ ಪೂರಾ ಕಾಣುತ್ತೆ. ನೆಟ್ಟ ಮೊದಲ ವರ್ಷ ಕುಡಿ ಚಿವುಟದೇ ಇದ್ರೆ ಹೀಗೇ ಆಗೋದು. ಅದಕ್ಕೆ ಆಮೇಲೆ ಬರೋಣ, ಮೊದಲು ಗಿಡ ಆರಿಸೋಣ.

ನರ್ಸರಿಗೆ ಹೋದ ತಕ್ಷಣ ಕೈಗೆ ಕೊಡೋದು ಹಳದಿ ಡುರಾಂಟ. ಬೇಗ ಬೆಳೆಯುತ್ತೆ, ನಿಜ. ಬೇಗ ಬೆಳೆಯೋ ಗಿಡ ಕತ್ತರಿಯನ್ನೂ ಬೇಗ ಬೇಗ ಕೇಳುತ್ತೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸವರದಿದ್ರೆ ಆಕಾರ ಕೆಡುತ್ತೆ, ನೆರಳಲ್ಲಿ ಹಳದಿ ಬಣ್ಣವೂ ಉಳಿಯಲ್ಲ. ಅದರ ಕಾಯಿ ವಿಷ, ಚಿಕ್ಕ ಮಕ್ಕಳಿರೋ ಮನೆಗೆ ಬೇಡ.

ಕೆಲಸ ಕಡಿಮೆ ಇರ್ಬೇಕು ಅನ್ನೋರಿಗೆ ನಮ್ಮ ಮೊದಲ ಆಯ್ಕೆ ಕಾಮಿನಿ, ಅಂದ್ರೆ ಕಾಡು ಕರಿಬೇವು. 5 ಅಡಿ ಬರೋಕೆ 3–4 ವರ್ಷ ತಗೊಳ್ಳುತ್ತೆ, ಆದ್ರೆ ಆಮೇಲೆ ವರ್ಷಕ್ಕೆ 2 ಸಲ ಸವರಿದ್ರೆ ಸಾಕು. ವರ್ಷಪೂರ್ತಿ ಎಲೆ ಇರುತ್ತೆ, ಹೂವಿಗೆ ಒಳ್ಳೇ ಪರಿಮಳ. ಒಂದು ಎಚ್ಚರಿಕೆ: ಹಿತ್ತಲಲ್ಲಿ ಕಿತ್ತಳೆ, ನಿಂಬೆ ಇದ್ರೆ ಇದನ್ನ ನೆಡ್ಬೇಡಿ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡೋ ಸಿಲ್ಲಾ ಕೀಟ ಈ ಗಿಡದ ಚಿಗುರಲ್ಲೂ ಚೆನ್ನಾಗಿ ಸಂಸಾರ ಮಾಡುತ್ತೆ.

ಅರಸೀಕೆರೆ, ಕಡೂರು ಕಡೆ ನೀರು ಕಡಿಮೆ, ಮೇಯೋ ಆಡು ಜಾಸ್ತಿ. ಅಲ್ಲಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪು ಅನ್ನೋ ಹೆಸರೇ ಇದೆಯಲ್ಲ! ಗೇಣುದ್ದದ ಬಲಿತ ಕಡ್ಡಿ ಊರಿದ್ರೆ ಸಾಕು, ದುಡ್ಡು ಕೊಟ್ಟು ತರೋದೇ ಬೇಡ. ಮೂಡಿಗೆರೆ, ಸಕಲೇಶಪುರದಲ್ಲಿ ದಾಸವಾಳ ಸಲೀಸು. ಆದ್ರೆ ದನ ಬಾಯಿ ಹಾಕುತ್ತೆ, ಬೇಸಿಗೇಲಿ ಬಿಳಿ ಹಿಟ್ಟು ತಿಗಣೆ ಕೂರುತ್ತೆ. ಪೈಪಲ್ಲಿ ರಭಸವಾಗಿ ನೀರು ಬಿಟ್ಟು ತೊಳೀರಿ. ಹೋಗದಿದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಹೊಡೀರಿ. ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ತೋಟದ ಬೇಲಿಗೆ ಚಿನ್ನದಂಥದ್ದು, ಮನೆಯ ಮರೆಗಲ್ಲ. ಬೇಸಿಗೆ ಹತ್ರ ಬಂದಾಗ ಎಲೆ ಉದುರಿಸಿ ಬೋಳಾಗುತ್ತೆ. ಲಂಟಾನ ಅಂತೂ ತರಲೇಬೇಡಿ. ಹಕ್ಕಿಗಳು ಹಣ್ಣು ತಿಂದು ಬೀಜವನ್ನ ಕಾಡಿಗೆ ಒಯ್ಯುತ್ತವೆ. ಈಗಾಗಲೇ ನಮ್ಮ ಕಾಡುಗಳು ಅದರಿಂದ ಉಸಿರುಗಟ್ಟಿವೆ.

ಇನ್ನು ನೆಡೋದು. ಕಾಂಪೌಂಡ್ ಗೋಡೆಯಿಂದ 2 ಅಡಿ ಬಿಡಿ, ಇಲ್ಲಾಂದ್ರೆ ಗೋಡೆ ಕಡೆ ಬಿಸಿಲು ಬೀಳದೆ ಆ ಬದಿ ಒಣಗುತ್ತೆ, ಕತ್ತರಿ ಆಡಿಸೋಕೂ ಜಾಗ ಇರಲ್ಲ. ಗುಂಡಿ ಗುಂಡಿ ತೋಡೋ ಬದಲು ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚರಂಡಿ ತೆಗೀರಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಅಂದ್ರೆ 40 ಅಡಿ ಉದ್ದಕ್ಕೆ 27 ಗಿಡ. ಗಿಡಕ್ಕೆ 2 ಕೆಜಿ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದ್ರೆ ಗೊಣ್ಣೆ ಹುಳು ಬಂದು ಬೇರು ತಿನ್ನುತ್ತೆ.

ಮಲೆನಾಡಲ್ಲಿ ರೋಹಿಣಿ, ಮೃಗಶಿರ ಮಳೆಗೇ ನೆಟ್ಟುಬಿಡಿ. ಆರಿದ್ರ ಹಿಡಿಯೋ ಹೊತ್ತಿಗೆ ಬೇರು ಊರಿರಬೇಕು. ಬುಡದಲ್ಲಿ ಮಣ್ಣು ಏರಿಸಿ, ನೀರು ನಿಂತ ಜಾಗದಲ್ಲಿ ಬೇರು ಕೊಳೆಯುತ್ತೆ. ಬಯಲುಸೀಮೇಲಿ ಇದಕ್ಕೆ ತಿರುಗಾಮುರುಗಾ: ಬುಡ ತಗ್ಗಾಗಿರಲಿ, ಮೇಲೆ ತರಗು ಹೊದಿಸಿ.

ಈಗ ಆ ಬೋಳು ಬುಡದ ವಿಷಯ. ಗಿಡ 1 ಅಡಿ ಆದ ಕೂಡಲೇ ತುದಿ ಚಿವುಟಿ. ತುದಿ ಇರೋವರೆಗೂ ಅದು ಪಕ್ಕದ ಮೊಗ್ಗುಗಳನ್ನ ಏಳೋಕೆ ಬಿಡಲ್ಲ. ಮತ್ತೆ ಅರ್ಧ ಅಡಿ ಬೆಳೆದಾಗ ಇನ್ನೊಮ್ಮೆ, ಮೊಣಕಾಲೆತ್ತರ ದಾಟೋವರೆಗೂ ಹೀಗೇ. ಎತ್ತರ ಕಾಣ್ಲಿ ಅನ್ನೋ ಆಸೆಗೆ ಇಲ್ಲೇ ಎಲ್ಲರೂ ಸೋಲೋದು. ಬೆಳೆದ ಮೇಲೆ ಸವರುವಾಗ ಬುಡ ಎರಡೂವರೆ ಅಡಿ, ನೆತ್ತಿ ಒಂದೂವರೆ ಅಡಿ ಅಗಲ ಇರಲಿ. ನೆತ್ತಿ ಅಗಲವಾದ್ರೆ ಕೆಳಗಿನ ಎಲೆಗೆ ಬಿಸಿಲೇ ಸಿಗಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸವರಿ. ಜಡಿಮಳೇಲಿ ಕತ್ತರಿ ಹಾಕಿದ್ರೆ ಗಾಯ ಒಣಗದೆ ಕೊಳೆ ಹತ್ತುತ್ತೆ.

ಗಿಡ ತರುವಾಗ 4–5 ಜಾಸ್ತಿ ತಂದು ಕವರಲ್ಲೇ ಇಟ್ಕೊಳ್ಳಿ. ಸಾಲಲ್ಲಿ ಒಂದು ಸತ್ರೆ ಅದೇ ವಯಸ್ಸಿನ ಗಿಡ ಆ ಜಾಗಕ್ಕೆ ಬೇಕು. 2 ವರ್ಷ ಬಿಟ್ಟು ಪುಟ್ಟ ಸಸಿ ತಂದಿಟ್ರೆ ಅಕ್ಕಪಕ್ಕದವುಗಳ ನೆರಳಲ್ಲಿ ಅದು ಮೇಲೇಳೋದೇ ಇಲ್ಲ.