ಗುಟ್ಟು ತಿಳಿದ ಮೇಲೂ ಉಳಿಯುವ ಬೆರಗು: ಜಾದೂ ಸಾಮಗ್ರಿಗಳ ಮತ್ತು ಪುಸ್ತಕಗಳ ಸಂಗ್ರಹ

[ದೃಶ್ಯ: ಮೇಜಿನ ಮೇಲೆ ಮುಚ್ಚಳವಿರುವ ಎರಡು ಪುಟ್ಟ ಬಟ್ಟಲುಗಳು. ಒಂದು ಪ್ಲಾಸ್ಟಿಕ್ಕಿನದು, ಇನ್ನೊಂದು ಮರದಲ್ಲಿ ಕಡೆದದ್ದು.]

ನಮಸ್ಕಾರ. ಈ ಎರಡು ಬಟ್ಟಲುಗಳೂ ಒಂದೇ ಜಾದೂವಿಗೆ ಬಳಕೆಯಾಗುವಂಥವು. ಮುಚ್ಚಳ ತೆಗೆದರೆ ಒಳಗೆ ಚೆಂಡು ಇರುತ್ತದೆ. ಮುಚ್ಚಿ ಮತ್ತೆ ತೆಗೆದರೆ ಇರುವುದಿಲ್ಲ. ಎಡಗಡೆಯದು ಕುಂಬಳೆ ಜಾತ್ರೆಯ ಅಂಗಡಿಸಾಲಿನಲ್ಲಿ ಮಕ್ಕಳಿಗೆ ಕೊಡಿಸುವ ಬಗೆಯದು. ಬಲಗಡೆಯದನ್ನು ಕುಶಲಕರ್ಮಿಯೊಬ್ಬರು ಮರದಲ್ಲಿ ಕಡೆದು ಮಾಡಿದ್ದಾರೆ. ಎರಡರ ಗುಟ್ಟೂ ಒಂದೇ ಆಗಿದ್ದರೂ ಮೊದಲನೆಯದು ಗುಟ್ಟು ತಿಳಿದ ಕೂಡಲೇ ಮೂಲೆ ಸೇರುತ್ತದೆ, ಎರಡನೆಯದನ್ನು ಗುಟ್ಟು ತಿಳಿದವರೇ ಹೆಚ್ಚಿನ ಬೆಲೆ ಕೊಟ್ಟು ಕೊಂಡು ಜೋಪಾನ ಮಾಡುತ್ತಾರೆ. ಇದು ಏಕೆ ಹೀಗೆ ಎಂಬುದನ್ನೂ, ಕಾಸರಗೋಡಿನಂಥ ಊರಿನಲ್ಲಿದ್ದುಕೊಂಡು ಇಂಥ ಸಂಗ್ರಹವನ್ನು ಹೇಗೆ ಕಟ್ಟಬಹುದು ಎಂಬುದನ್ನೂ ಇಂದು ನೋಡೋಣ. ಯಾವ ಗುಟ್ಟನ್ನೂ ಇಲ್ಲಿ ಬಯಲು ಮಾಡುವುದಿಲ್ಲ.

[ದೃಶ್ಯ: ಮರದ ಬಟ್ಟಲು, ತೀರ ಸಮೀಪದಿಂದ. ಬಟ್ಟಲು ನಿಧಾನವಾಗಿ ತಿರುಗುತ್ತದೆ.]

ಮರದ ಬಟ್ಟಲಿನ ಸುತ್ತ ಇರುವ ಉಬ್ಬುಗೆರೆಗಳನ್ನು ಗಮನಿಸಿ. ನೋಡುವವರಿಗೆ ಅವು ಅಲಂಕಾರವಾಗಿ ಕಾಣುತ್ತವೆ. ಆದರೆ ಪ್ರೇಕ್ಷಕರ ಕಣ್ಣು ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಿ ಮುಂದೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಆ ಗೆರೆಗಳೇ. ಮುಚ್ಚಳ ಸಡಿಲವಾದರೆ ಜಾದೂಗಾರನ ಕೈ ಅಳುಕುತ್ತದೆ, ಬಿಗಿಯಾದರೆ ತೆಗೆಯುವಾಗ ಸದ್ದಾಗುತ್ತದೆ. ಇವೆರಡರ ನಡುವಿನ ಕೂದಲೆಳೆಯಷ್ಟು ಅಂತರವನ್ನು ಉಳಿಸಿಕೊಂಡು ಕಡೆಯಬೇಕಾದರೆ ಮರದ ಎಳೆ ಸಣ್ಣದಾಗಿರಬೇಕು, ಮರ ಪೂರ್ತಿ ಒಣಗಿರಬೇಕು, ಉಳಿ ಹಿಡಿದವನಿಗೆ ಆ ಜಾದೂ ಸ್ವತಃ ತಿಳಿದಿರಬೇಕು. ಈ ಮೂರನೆಯ ಅಂಶವೇ ಅಪರೂಪದ್ದು. ಸಂಗ್ರಾಹಕನ ನಿಜವಾದ ಸಂತೋಷ ಆರಂಭವಾಗುವುದು ಗುಟ್ಟು ತಿಳಿದ ಬಳಿಕ. ಅಷ್ಟು ಚಿಕ್ಕ ಉಪಾಯವನ್ನು ಇಷ್ಟು ಚೆನ್ನಾಗಿ ಮರೆಸಿದವರ ಬುದ್ಧಿಯನ್ನು ಆಗ ಕಾಣಬಹುದು.

ಈ ಕುಶಲತೆಯ ಇತಿಹಾಸದಲ್ಲಿ ಫ್ರಾನ್ಸಿನ ರಾಬರ್ಟ್ ಹೂಡಿನ್ ಅವರಿಗೆ ದೊಡ್ಡ ಸ್ಥಾನವಿದೆ. 1805ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಗಡಿಯಾರ ತಯಾರಕರು. 1845ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ತೆರೆದ ಚಿಕ್ಕ ರಂಗಮಂದಿರದಲ್ಲಿ ಕಿತ್ತಳೆ ಗಿಡವೊಂದು ಪ್ರೇಕ್ಷಕರ ಕಣ್ಣೆದುರೇ ಹೂ ಬಿಟ್ಟು ಹಣ್ಣು ತಳೆಯುತ್ತಿತ್ತು. ಗಡಿಯಾರದ ಒಳಗಿನ ಹಲ್ಲುಚಕ್ರಗಳನ್ನು ಬಲ್ಲವರಿಗಷ್ಟೇ ಅಂಥ ಯಂತ್ರವನ್ನು ಮಾಡಲು ಸಾಧ್ಯ. ಅದಕ್ಕಿಂತ ಮುಖ್ಯವಾದದ್ದು ಅವರ ಅಭಿರುಚಿ. ಆವರೆಗೆ ಜಾದೂ ರಂಗವೆಂದರೆ ನೆಲ ಮುಟ್ಟುವ ಬಟ್ಟೆ ಹೊದಿಸಿದ ಮೇಜುಗಳು, ಥಳಥಳಿಸುವ ಲೋಹದ ಡಬ್ಬಿಗಳು, ವಿಚಿತ್ರ ವೇಷಗಳು. ಅವನ್ನೆಲ್ಲ ಕೈಬಿಟ್ಟು, ಆ ಕಾಲದ ಸಭ್ಯರ ಮನೆಯ ಹಜಾರದಂಥ ರಂಗದ ಮೇಲೆ, ಸಾಮಾನ್ಯ ಉಡುಪಿನಲ್ಲಿ ಅವರು ನಿಂತರು. ಕೊಳ್ಳುವವರಿಗೆ ಇದು ಇಂದಿಗೂ ಒಳ್ಳೆಯ ಅಳತೆಗೋಲು. ಡ್ರಾಗನ್ ಚಿತ್ರ ಬರೆದು ಬಂಗಾರದ ಬಣ್ಣ ಬಳಿದ ಪೆಟ್ಟಿಗೆಯನ್ನು ಕಂಡರೆ ಅದರಲ್ಲಿ ಏನೋ ಇದೆ ಎಂದು ಮಗುವಿಗೂ ಅನುಮಾನ ಬರುತ್ತದೆ. ಅಡುಗೆಮನೆಯ ಸಂಬಾರ ಪೆಟ್ಟಿಗೆಯಂತೆ ಕಾಣುವ ಪೆಟ್ಟಿಗೆ ಅದೇ ಕೆಲಸವನ್ನು ಮಾಡಿದರೆ ಅದನ್ನೇ ಆರಿಸಿಕೊಳ್ಳಿ.

[ದೃಶ್ಯ: ಎರಡು ಬಗೆಯ ಬಟ್ಟಲುಗಳು. ಮೇಲ್ತುದಿಯಲ್ಲಿ ಗುಬುಟು ಇರುವ ಮರದ ಭಾರತೀಯ ಬಟ್ಟಲು. ಒಂದರೊಳಗೊಂದು ಕೂರುವ ಲೋಹದ ಬಟ್ಟಲು.]

ಹೊರದೇಶದ ಹೆಸರುಗಳನ್ನು ಕೇಳಿ ಇದು ನಮಗೆ ಸಂಬಂಧವಿಲ್ಲದ ಹವ್ಯಾಸ ಎಂದುಕೊಳ್ಳಬೇಕಾಗಿಲ್ಲ. ಬೋರಲು ಹಾಕಿದ ಬಟ್ಟಲುಗಳ ಕೆಳಗೆ ಚೆಂಡು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ಬಟ್ಟಲು ಮತ್ತು ಚೆಂಡಿನ ಆಟವನ್ನು ನಮ್ಮ ಬೀದಿ ಗಾರುಡಿಗರು ನೆಲದ ಮೇಲೆ ಕುಳಿತು ಆಡುತ್ತಿದ್ದರು. ಅವರ ಮರದ ಬಟ್ಟಲುಗಳ ಮೇಲ್ತುದಿಯಲ್ಲಿ ಒಂದು ಗುಬುಟು ಇದ್ದು, ಅದನ್ನು ಬೆರಳುಗಳ ಸಂದಿಯಲ್ಲಿ ಹಿಡಿದೆತ್ತಬಹುದು. ಮೇಜಿನ ಹಿಂದೆ ನಿಂತು ಆಡುವ ಪಾಶ್ಚಾತ್ಯರ ಲೋಹದ ಬಟ್ಟಲುಗಳಿಗೆ ಗುಬುಟು ಇರುವುದಿಲ್ಲ. ಆಡುವವನು ಕುಳಿತಿದ್ದನೇ ನಿಂತಿದ್ದನೇ ಎಂಬುದನ್ನು ಬಟ್ಟಲಿನ ಆಕಾರವೇ ಹೇಳುತ್ತದೆ. ಕೇರಳದಲ್ಲಿ ಚೆಪ್ಪಡಿ ವಿದ್ಯೆ ಎಂದು ಕರೆಯುವ ಇದೇ ಆಟವನ್ನು ವಾಳಕ್ಕುನ್ನಂ ನೀಲಕಂಠನ್ ನಂಬೂದಿರಿಯವರು ಬೀದಿಯಿಂದ ವೇದಿಕೆಗೆ ತಂದು ಗೌರವ ದೊರಕಿಸಿಕೊಟ್ಟರು. ಕೈಚಳಕವೇ ಅವರ ಬಂಡವಾಳವಾಗಿತ್ತು.

ಹೀಗಾಗಿ ಕಾಸರಗೋಡಿನ ಹೊಸ ಸಂಗ್ರಾಹಕರಿಗೆ ನಾನು ಕೊಡುವ ಸಲಹೆ ಬೇರೆಯೇ ಇದೆ. ಮೊದಲು ದೂರದ ದೇಶದಿಂದ ದುಬಾರಿ ಪೆಟ್ಟಿಗೆ ತರಿಸಬೇಡಿ. ಮಂಚದ ಕಾಲು, ತೊಟ್ಟಿಲಿನ ಕಂಬ ಕಡೆಯುವ ಆಚಾರಿಗಳು ನಮ್ಮ ನಡುವೆ ಇನ್ನೂ ಇದ್ದಾರೆ. ಅಂಥವರ ಬಳಿ ಕುಳಿತು ಗುಬುಟಿನ ಬಟ್ಟಲುಗಳ ಒಂದು ಜೋಡಣೆಯನ್ನು ಚೆನ್ನಾಗಿ ಒಣಗಿದ ಬೀಟೆಯಲ್ಲೋ ಹಲಸಿನಲ್ಲೋ ಮಾಡಿಸಿಕೊಳ್ಳಿ. ಹಳೆಯ ಮನೆ ಬಿಚ್ಚಿದಾಗ ಸಿಕ್ಕಿದ ತುಂಡುಮರ ಇದಕ್ಕೆ ಬಹಳ ಒಳ್ಳೆಯದು, ಏಕೆಂದರೆ ಅದು ಎಷ್ಟೋ ಮಳೆಗಾಲಗಳನ್ನು ಕಂಡು ಹದಗೊಂಡಿರುತ್ತದೆ. ಬಟ್ಟಲುಗಳ ತೂಕ, ಅಂಚು, ಎತ್ತರ ಒಂದೇ ಆಗಿರಬೇಕೆಂದು ಏಕೆ ಕೇಳುತ್ತಿದ್ದೇವೆ ಎಂದು ಅವರಿಗೆ ವಿವರಿಸಬೇಕಾಗಿ ಬಂದಾಗಲೇ ಆ ವಸ್ತು ನಮಗೂ ಪೂರ್ತಿಯಾಗಿ ಅರ್ಥವಾಗುತ್ತದೆ. ಆದರೆ ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ: ಶತಮಾನಗಳಿಂದ ಎಲ್ಲರಿಗೂ ಸೇರಿರುವ ಬಟ್ಟಲಿನಂಥ ಸಾಮಗ್ರಿಯನ್ನು ಮಾಡಿಸಿಕೊಳ್ಳುವುದು ಬೇರೆ, ಇಂದು ಬದುಕಿರುವ ಕುಶಲಕರ್ಮಿಯೊಬ್ಬರು ಯೋಚಿಸಿ ರೂಪಿಸಿದ ಸಾಮಗ್ರಿಯ ನಕಲು ಮಾಡಿಸುವುದು ಬೇರೆ. ಎರಡನೆಯದು ಕಳವು. ಅಂಥದ್ದನ್ನು ಮಾಡಿದವರಿಂದಲೇ ಕೊಳ್ಳಬೇಕು.

[ದೃಶ್ಯ: ಹಳೆಯ ಪುಸ್ತಕಗಳ ಕಪಾಟು.]

ಇನ್ನು ಪುಸ್ತಕಗಳು. ನನ್ನ ದೃಷ್ಟಿಯಲ್ಲಿ ಸಂಗ್ರಹದ ಜೀವ ಇರುವುದು ಇಲ್ಲಿ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಮಾಟಗಾತಿಯರ ಕುರಿತ ನಂಬಿಕೆಯನ್ನು ಪ್ರಶ್ನಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಾಟ ಮಾಡಿದರೆಂಬ ಆರೋಪ ಹೊರಿಸಿ ಬಡ ಮುದುಕಿಯರನ್ನು ಶಿಕ್ಷಿಸುತ್ತಿದ್ದ ಕಾಲವದು. ಪವಾಡವೆಂದು ತೋರುವ ಎಷ್ಟೋ ಸಂಗತಿಗಳು ಬರೀ ಕೈಚಳಕ ಎಂದು ತೋರಿಸಲಿಕ್ಕಾಗಿ ಅವರು ಚೆಂಡು, ನಾಣ್ಯ, ಇಸ್ಪೀಟು ಎಲೆಗಳ ಆಟಗಳನ್ನು ಅದರಲ್ಲಿ ವಿವರಿಸಿದರು. ಜಾದೂವಿನ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಅತಿ ಹಳೆಯ ವಿವರಣೆಗಳಲ್ಲಿ ಇದೂ ಒಂದು, ಮತ್ತು ಅದು ಹುಟ್ಟಿದ್ದು ಕರುಣೆಯಿಂದ ಎಂಬುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ ಅಬ್ರಹಾಂ ಕೋವೂರ್ ಅವರು ಪವಾಡಪುರುಷರಿಗೆ ಸವಾಲು ಹಾಕಿದ್ದೂ ಇದೇ ದಾರಿಯಲ್ಲಿ.

1876ರಲ್ಲಿ ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಲ್ಲಿ ಬಂದ ‘ಮಾಡರ್ನ್ ಮ್ಯಾಜಿಕ್’ ಗ್ರಂಥದ ನಿಜವಾದ ಲೇಖಕರು ಏಂಜಲೋ ಲೂಯಿಸ್ ಎಂಬ ವಕೀಲರು. 1902ರಲ್ಲಿ ಶಿಕಾಗೋದಲ್ಲಿ ಪ್ರಕಟವಾದ, ಇಸ್ಪೀಟು ವಿದ್ಯೆಯ ಕುರಿತ ಎರ್ಡ್ನೇಸ್ ಅವರ ಪುಸ್ತಕದ ಕರ್ತೃ ಯಾರೆಂಬ ಚರ್ಚೆಯಂತೂ ಇನ್ನೂ ಮುಗಿದಿಲ್ಲ. ಇವುಗಳ ಮೊದಲ ಮುದ್ರಣಗಳಿಗೆ ಹರಾಜಿನಲ್ಲಿ ದೊಡ್ಡ ಬೆಲೆಯಿದೆ. ಓದುವುದಕ್ಕೆ ಕಡಿಮೆ ಬೆಲೆಯ ಮರುಮುದ್ರಣಗಳು ಸಾಕು. ಕೊಳ್ಳುವಾಗ ಪುಟಗಳು ಪೂರ್ತಿ ಇವೆಯೇ, ಚಿತ್ರಗಳು ಇವೆಯೇ ಎಂದು ನೋಡಿ. ಅಂಚಿನಲ್ಲಿ ಹಿಂದಿನ ಜಾದೂಗಾರರು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

ಆದರೆ ಇವನ್ನೆಲ್ಲ ಕಾಪಾಡಲು ಜಗತ್ತಿನಲ್ಲಿ ಜನರಿದ್ದಾರೆ. ನಮ್ಮ ಕಡೆಯ ಬಸ್ ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಕನ್ನಡ, ಮಲಯಾಳ ಭಾಷೆಗಳ ತೆಳು ಯಕ್ಷಿಣಿ ಪುಸ್ತಕಗಳನ್ನು, ಊರೂರಿಗೆ ಬಂದ ಜಾದೂ ತಂಡಗಳ ಕರಪತ್ರಗಳನ್ನು ಮತ್ತು ಟಿಕೆಟುಗಳನ್ನು ಯಾರು ಕಾಪಾಡುತ್ತಾರೆ? ಅಗ್ಗದ ಕಾಗದದಲ್ಲಿ ಅಚ್ಚಾದ ಅವು ಹಳದಿಯಾಗಿ ಪುಡಿಯಾಗುತ್ತಿವೆ. ಎರಡೂ ಭಾಷೆ ಓದಬಲ್ಲ ಗಡಿನಾಡಿನವರಿಗಿಂತ ಇದಕ್ಕೆ ತಕ್ಕವರು ಬೇರೆ ಇಲ್ಲ. ನನ್ನನ್ನು ಕೇಳಿದರೆ, ಹರಾಜಿನಲ್ಲಿ ಕೊಂಡ ಒಂದು ಇಂಗ್ಲಿಷ್ ಮೊದಲ ಮುದ್ರಣಕ್ಕಿಂತ ಇಂಥ ಹತ್ತು ಕರಪತ್ರಗಳಿರುವ ಒಂದು ಕಡತವೇ ಹೆಚ್ಚಿನ ಸಂಗ್ರಹ.

[ದೃಶ್ಯ: ಮಳೆ. ಕೆಂಪುಕಲ್ಲಿನ ಗೋಡೆಗೆ ಅಂಟಿಕೊಂಡಿರುವ ಕಪಾಟನ್ನು ಮುಂದಕ್ಕೆ ಎಳೆಯುವುದು.]

ಕಾಪಾಡುವುದು ಎಂದಾಗ ಮಳೆಗಾಲದ ಮಾತು ಬರಲೇಬೇಕು. ಜೂನ್ ತಿಂಗಳಿನಿಂದ ಮರ ತೇವ ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಸಲೀಸಾಗಿ ತೆರೆಯುತ್ತಿದ್ದ ಮುಚ್ಚಳ ಆಟಿ ತಿಂಗಳಿನಲ್ಲಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ತೆಳುವಾದ ಅಂಚು ಸೀಳುತ್ತದೆ, ಎಣ್ಣೆ ಬಿಟ್ಟರೆ ಧೂಳು ಅಂಟುತ್ತದೆ. ಸಿಲಿಕಾ ಜೆಲ್ ಚೀಲಗಳಿರುವ ಬಿಗಿ ಡಬ್ಬಿಯಲ್ಲಿಟ್ಟು ಕೆಲವು ದಿನ ಕಾಯುವುದೇ ಸರಿಯಾದ ಕ್ರಮ. ಬಿಸಿಲಿಗಂತೂ ಇಡಲೇಬಾರದು. ಪುಸ್ತಕದ ಕಪಾಟು ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕದೆ ಗಾಳಿಯಾಡಲು ಬಿಡಿ, ವಾರಕ್ಕೊಮ್ಮೆ ತೆರೆದು ಬೂಷ್ಟು ಬಂದಿದೆಯೇ ಎಂದು ನೋಡಿ. ತಾಳೆಗರಿ ಗ್ರಂಥಗಳ ಕಟ್ಟಿನಲ್ಲಿ ಹಿರಿಯರು ಇಡುತ್ತಿದ್ದ ಬಜೆಯ ಬೇರು ಹುಳಗಳನ್ನು ದೂರವಿಡಲು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹಳೆಯ ಸಾಮಗ್ರಿಗಳಲ್ಲಿ ಆನೆದಂತದ ಚೆಂಡು ಇದೆಯೆಂದು ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

[ದೃಶ್ಯ: ಒಂದು ರಟ್ಟಿನ ಚೀಟಿಯ ಮೇಲೆ ಬರೆಯುತ್ತಿರುವ ಕೈ.]

ಕೊನೆಯದಾಗಿ, ಪ್ರತಿಯೊಂದು ಸಾಮಗ್ರಿಗೂ ಒಂದು ಚೀಟಿ ಬರೆದಿಡಿ. ಮಾಡಿದವರು ಯಾರು, ಯಾವ ವರ್ಷ, ಯಾವ ಮರ, ಎಷ್ಟು ಬೆಲೆ, ಯಾರಿಂದ ಬಂತು ಎಂಬುದೆಲ್ಲ ಅದರಲ್ಲಿರಲಿ. ಬಳಸುವ ಕ್ರಮವನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಡಿ. ಜಾದೂ ಸಾಮಗ್ರಿಯ ವಿಶೇಷ ತೊಂದರೆಯೇ ಇದು: ಚೆನ್ನಾಗಿ ಮಾಡಿದ ವಸ್ತು ನೋಡಲು ಸಾಮಾನ್ಯ ಡಬ್ಬಿಯಂತಿರುವುದರಿಂದ, ಬಲ್ಲವರು ತೀರಿಹೋದ ಮೇಲೆ ಮನೆಯವರು ಅದನ್ನು ಗುಜರಿಗೆ ಹಾಕಿಬಿಡುತ್ತಾರೆ. 1926ರಲ್ಲಿ ತೀರಿಕೊಂಡ ಅಮೆರಿಕದ ಜಾದೂಗಾರ ಹೂಡಿನಿ ತಮ್ಮ ಸುಮಾರು 4,000 ಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸೇರುವಂತೆ ಮೊದಲೇ ಏರ್ಪಾಡು ಮಾಡಿದ್ದರಿಂದ ಅವು ಚದುರಿಹೋಗಲಿಲ್ಲ. ನಮ್ಮ ಸಂಗ್ರಹ ಒಂದು ಕಪಾಟಿನಷ್ಟೇ ಇದ್ದರೂ ಅದು ಮುಂದೆ ಯಾವ ಗ್ರಂಥಾಲಯಕ್ಕೆ, ಯಾವ ಕಲಾವಿದರಿಗೆ ಹೋಗಬೇಕೆಂದು ಬರೆದು, ಆ ಕಾಗದ ಎಲ್ಲಿದೆ ಎಂಬುದನ್ನು ಮನೆಯವರಿಗೆ ಇಂದೇ ತಿಳಿಸಿಬಿಡಿ.