ಕೊನೆಗೆ ಖಚಿತವಾಗಿ ಗೊತ್ತಿದ್ದ ಜಾಗ

ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ಮಕ್ಕಳು ಕಾಡಿಗೆ ನುಗ್ಗುವುದು ಕಾಣಿಸುತ್ತದೆ. ಕಾಡಿನಿಂದ ಹೊರಗೆ ಬರುವುದು ಕಾಣಿಸುತ್ತದೆ. ನಡುವೆ ಏನಾಯಿತು ಅನ್ನುವುದು ಕಾಣಿಸುವುದಿಲ್ಲ. ಅದು ಆ ಮಗುವಿಗೂ ಆ ಕಾಡಿಗೂ ಬಿಟ್ಟ ವಿಷಯ. ಕ್ಯಾಮೆರಾ ಹಿಡಿದು ಬೆನ್ನ ಹಿಂದೆ ಹೋದರೆ ಈ ಆಟ ಆಟವಾಗಿ ಉಳಿಯುವುದಿಲ್ಲ.

ಆಟದ ಹೆಸರು ಓರಿಯೆಂಟೀರಿಂಗ್. ಕೈಯಲ್ಲಿ ಒಂದು ನಕ್ಷೆ, ಹೆಬ್ಬೆರಳಿಗೆ ಸಿಕ್ಕಿಸಿದ ದಿಕ್ಸೂಚಿ. ನಕ್ಷೆಯ ಮೇಲೆ ನೇರಳೆ ಬಣ್ಣದ ಸುತ್ತುಗಳು, ಒಂದೊಂದಕ್ಕೂ ಒಂದು ನಂಬರ್. ಕಾಡಿನಲ್ಲಿ ಆ ಜಾಗಗಳಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಟ್ಟೆಯ ಗುರುತು ನೇತುಹಾಕಿರುತ್ತಾರೆ. ಅದಕ್ಕೆ ಕಂಟ್ರೋಲ್ ಅಂತಾರೆ. ಕ್ರಮವಾಗಿ ಒಂದೊಂದನ್ನೇ ಹುಡುಕಿ, ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಅನ್ನು ಅಲ್ಲಿನ ಪೆಟ್ಟಿಗೆಗೆ ಮುಟ್ಟಿಸಿದರೆ ಬೀಪ್ ಅನ್ನುತ್ತದೆ. ಯಾವ ದಾರಿಯಲ್ಲಿ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಅಷ್ಟೇ ಆಟ. ಆದರೆ ಆ 'ಅಷ್ಟೇ' ಒಳಗೆ ಎಷ್ಟಿದೆ ಅಂತ ನನಗೆ ತಿಳಿಯಲು ಈ ಬೇಸಿಗೆ ಬೇಕಾಯಿತು.

ನಮ್ಮದು ಸಾಗರ. ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಬಂದು 11 ವರ್ಷ ಆಯಿತು. ಮಗಳಿಗೆ ಈಗ 14. ಇಲ್ಲಿನ ಶಾಲೆಗಳಲ್ಲಿ ಈಜು ಕಲಿಸುವ ಹಾಗೆಯೇ ನಕ್ಷೆ ಓದುವುದನ್ನೂ ಆಟದ ಪೀರಿಯಡ್ಡಿನಲ್ಲಿ ಕಲಿಸುತ್ತಾರೆ. ಅಲ್ಲಿಂದ ಅವಳಿಗೆ ಹಿಡಿದ ಹುಚ್ಚು ಇದು. ಹತ್ತಿರದ ಕ್ಲಬ್ ಸೇರಿದಳು. ಈ ಸಲ, 2025ರ ಜುಲೈನಲ್ಲಿ, ಕ್ಲಬ್ಬಿನ 16 ಮಕ್ಕಳು 12 ದಿನದ ತರಬೇತಿ ಪ್ರವಾಸಕ್ಕೆ ಹೊರಟರು. ಅಡುಗೆಗೆ, ಗಾಡಿ ಓಡಿಸಲು ಇಬ್ಬರು ಪೋಷಕರು ಬೇಕಿತ್ತು. ನಾನು ಕೈ ಎತ್ತಿದೆ.

ಮೊದಲ ನಿಲ್ದಾಣ ಉಪ್ಸಾಲಾ ಪಕ್ಕದ ಲುನ್ಸೆನ್ ಕಾಡು. ಇಗೋ, ಇದು. ನೋಡಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಬೆಟ್ಟ ಇಲ್ಲ, ಕಣಿವೆ ಇಲ್ಲ. ಪೈನ್ ಮರಗಳು, ಪಾಚಿ ಹೊದ್ದ ಬಂಡೆಗಳು, ನಡುನಡುವೆ ಜೌಗು. ಕಷ್ಟ ಇರುವುದೇ ಅಲ್ಲಿ. ದೊಡ್ಡ ಗುಡ್ಡ ಒಂದಿದ್ದರೆ ಅದನ್ನು ನೋಡಿಕೊಂಡು ದಾರಿ ಹಿಡಿಯಬಹುದು. ಇಲ್ಲಿ ಎಲ್ಲ ಕಡೆಯೂ ಒಂದೇ ತರಹ. ಒಂದು ಬಂಡೆಯ ಹಿಂದೆ ಇನ್ನೊಂದು ಬಂಡೆ, ಒಂದು ಜೌಗಿನ ಆಚೆ ಇನ್ನೊಂದು ಜೌಗು. ಹಿಮಯುಗದ ಮಂಜುಗಡ್ಡೆ ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಕಲ್ಲುಗಳು ಇವು.

ನಕ್ಷೆ ನೋಡಿದರೆ ನಿಮಗೆ ಇನ್ನೊಂದು ಆಶ್ಚರ್ಯ ಕಾದಿದೆ. ಅದರಲ್ಲಿ ಬಿಳಿ ಬಣ್ಣ ಅಂದರೆ ಬಯಲಲ್ಲ, ಕಾಡು! ಸಲೀಸಾಗಿ ಓಡಬಹುದಾದ ಕಾಡು ಬಿಳಿ. ಹಸಿರು ಜಾಸ್ತಿ ಆದಷ್ಟೂ ನುಗ್ಗುವುದು ಕಷ್ಟ. ಬಯಲು ಹಳದಿ. ನೀರು ನೀಲಿ, ಬಂಡೆ ಕಪ್ಪು, ಎತ್ತರ ತಗ್ಗಿನ ಗೆರೆ ಕಂದು. ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 100 ಮೀಟರ್. ಮಕ್ಕಳು ಹೆಬ್ಬೆರಳನ್ನು ತಾವಿರುವ ಜಾಗದ ಮೇಲೇ ಇಟ್ಟುಕೊಂಡು ಓಡುತ್ತಾರೆ. ಕಾಲು ಮುಂದೆ ಹೋದ ಹಾಗೆ ಹೆಬ್ಬೆರಳೂ ಮುಂದೆ ಜರುಗಬೇಕು. ಹೆಬ್ಬೆರಳು ನಿಂತಿತು, ಕಾಲು ಓಡಿತು ಅಂದರೆ ಕಥೆ ಮುಗಿದಂತೆ.

ಮಗಳಿಗೆ ಆಗಿದ್ದು ಅದೇ.

ಎರಡನೇ ದಿನದ ಬೆಳಗಿನ ಓಟ. ನಾಲ್ಕೂವರೆ ಕಿಲೋಮೀಟರ್. ಅವಳ ವಯಸ್ಸಿನವರೆಲ್ಲ ಮುಕ್ಕಾಲು ಗಂಟೆಗೆ ಬಂದರು. ಒಂದು ಗಂಟೆ ಆಯಿತು. ಅವಳು ಬರಲಿಲ್ಲ. ಒಂದೂಕಾಲು ಗಂಟೆ. ನಾನು ಕಾಡಿನ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದರು: ಕಾಡಿನಲ್ಲಿ ಒಂದು ಬಳ್ಳಿ ಇದೆ, ಗೊತ್ತಿಲ್ಲದೆ ಅದನ್ನು ದಾಟಿದರೆ ದಾರಿ ತಪ್ಪುತ್ತದೆ, ಎಷ್ಟು ನಡೆದರೂ ಅಲ್ಲಿಗೇ ಬರುತ್ತೀಯ. ನಮ್ಮನ್ನು ಕಾಡಿಗೆ ಹೋಗದ ಹಾಗೆ ತಡೆದಿದ್ದೇ ಆ ಬಳ್ಳಿ. ಅಲ್ಲಿ ನಿಂತಾಗ ಅದು ನೆನಪಾಯಿತು. ಕೋಚ್ ಹತ್ತಿರ ಹೋಗಿ, ಯಾರಾದರೂ ಹುಡುಕಿಕೊಂಡು ಹೋಗಬಾರದೇ ಅಂತ ಕೇಳಿದೆ.

ಅವರು ಗಡಿಯಾರ ನೋಡಿದರು. ಇನ್ನೂ ಸಮಯ ಇದೆ ಅಂದರು. ಪ್ರತಿ ಮಗುವಿನ ಕೊರಳಲ್ಲೂ ಸೀಟಿ ಇದೆ. ಯಾವ ದಿಕ್ಕಿಗೆ ನೇರ ನಡೆದರೆ ರಸ್ತೆ ಸಿಗುತ್ತದೆ ಅಂತ ಹೊರಡುವ ಮೊದಲೇ ಹೇಳಿಕೊಟ್ಟಿದೆ. ಎಷ್ಟು ಹೊತ್ತಿಗೆ ವಾಪಸ್ ಬರಲೇಬೇಕು ಅನ್ನುವುದೂ ಗೊತ್ತಿದೆ. ಆ ಹೊತ್ತು ಮೀರಿದರೆ ನಾವೆಲ್ಲ ಒಳಗೆ ಹೋಗುತ್ತೇವೆ. ಅಲ್ಲಿಯವರೆಗೆ ಈ ಸಮಯ ಅವಳದು, ಅಂದರು.

ಆ 'ಅವಳದು' ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಮ್ಮ ಮಕ್ಕಳ ಸಮಯ ಅವರದು ಅಂತ ನಾವು ಯಾವಾಗ ಬಿಟ್ಟುಕೊಡುತ್ತೇವೆ?

ಒಂದು ಗಂಟೆ 38 ನಿಮಿಷಕ್ಕೆ ಬಂದಳು. ಮೊಣಕಾಲಿನವರೆಗೆ ಕೆಸರು, ಕಣ್ಣು ಕೆಂಪು. ಎಲ್ಲ ಕಂಟ್ರೋಲ್ ಮುಗಿಸಿಯೇ ಬಂದಿದ್ದಳು. ನಾನು ಓಡಿಹೋಗಿ ಅಪ್ಪಿಕೊಂಡೆ. ಕೋಚ್ ನೀರು ಕೊಟ್ಟು, ಪಕ್ಕದಲ್ಲಿ ಕೂತು, ಒಂದೇ ಪ್ರಶ್ನೆ ಕೇಳಿದರು. ನಾನು ಅದನ್ನು ಕನ್ನಡದಲ್ಲೇ ಹೇಳುತ್ತೇನೆ: "ಕೊನೆಗೆ ನಿನಗೆ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು?"

ಎಲ್ಲಿ ತಪ್ಪಿದೆ ಅಂತ ಕೇಳಲಿಲ್ಲ. ಎಲ್ಲಿಯವರೆಗೆ ಸರಿ ಇತ್ತು ಅಂತ ಕೇಳಿದರು. ಈ ಆಟದಲ್ಲಿ ದಾರಿ ತಪ್ಪಿದವರಿಗೆ ಕಲಿಸುವ ಮೊದಲ ಪಾಠ ಇದು. ಗಾಬರಿಯಲ್ಲಿ ಮುಂದಕ್ಕೆ ಓಡಬೇಡ. ನಿಲ್ಲು. ನಕ್ಷೆಯನ್ನು ಉತ್ತರಕ್ಕೆ ತಿರುಗಿಸು. ಇದು ಖಂಡಿತ ಇದೇ ಬಂಡೆ ಅಂತ ಎಲ್ಲಿ ಹೇಳಬಲ್ಲೆಯೋ ಅಲ್ಲಿಗೆ ವಾಪಸ್ ಹೋಗು. ಅಲ್ಲಿಂದ ಮತ್ತೆ ಹೊರಡು. ಹಿಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ, ಸಮಯ ಹಾಳು ಅನ್ನಿಸುತ್ತದೆ. ಮಗಳು 40 ನಿಮಿಷ ಒಪ್ಪಿರಲಿಲ್ಲವಂತೆ. ಆಮೇಲೆ ಒಪ್ಪಿದಳು.

ಮಧ್ಯಾಹ್ನ ನೆಲದ ಮೇಲೆ ನಕ್ಷೆ ಹರಡಿಕೊಂಡು ಎಲ್ಲರೂ ಕೆಂಪು ಪೆನ್ನಿನಲ್ಲಿ ತಾವು ಹೋದ ದಾರಿ ಎಳೆದರು. ಕೈಗಡಿಯಾರದಲ್ಲಿ ಜಿಪಿಎಸ್ ಇದೆ, ನಿಜ. ಆದರೆ ಅದನ್ನು ಆಮೇಲೆ ನೋಡಬೇಕು. ಮೊದಲು ನೆನಪಿನಿಂದ ಎಳೆಯಬೇಕು. ಎಲ್ಲಿ ಗೆರೆ ಎಳೆಯಲು ಆಗುವುದಿಲ್ಲವೋ ಅಲ್ಲಿ ನೀನು ನಕ್ಷೆ ಓದುತ್ತಿರಲಿಲ್ಲ ಅಂತ ಅರ್ಥ.

ಸಂಜೆಯ ಇನ್ನೊಂದು ಕೆಲಸ ಉಣುಗು ಹುಡುಕುವುದು. ನಮ್ಮ ಕಡೆ ಉಣ್ಣೆ ಅಂತೀವಲ್ಲ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ, ಅದೇ. ಇಲ್ಲಿ ಅದರ ಹೆಸರು ಫೆಸ್ಟಿಂಗ್. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ. ಎಳ್ಳಿಗಿಂತ ಚಿಕ್ಕದು. ಚರ್ಮಕ್ಕೆ ತಾಗಿಸಿ ಚಿಮಟ ಹಿಡಿದು, ನಿಧಾನಕ್ಕೆ ನೇರವಾಗಿ ಎಳೆಯಬೇಕು. ಸ್ಟಾಕ್‌ಹೋಮ್, ಉಪ್ಸಾಲಾ ಸುತ್ತಮುತ್ತ ಇವುಗಳಿಂದ ಮಿದುಳು ಜ್ವರದ ವೈರಸ್ ಹರಡುತ್ತದೆ. ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಅದೇ ಕುಟುಂಬದ್ದು. ಅದು 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ನಮ್ಮೂರಿನ ಪಕ್ಕದ ತಾಲೂಕಿನಲ್ಲಿ. ಉಣುಗಿಗೆ ಹೆದರುತ್ತಲೇ ಬೆಳೆದವರು ನಾವು. ಇಲ್ಲಿನದಕ್ಕೆ ಒಳ್ಳೆಯ ಲಸಿಕೆ ಇದೆ, ಮಕ್ಕಳೆಲ್ಲರಿಗೂ ಹಾಕಿಸಿದೆ. ನಮ್ಮ ಮಲೆನಾಡಿನ ಮಕ್ಕಳಿಗೂ ಅಂಥದ್ದೊಂದು ನೆಚ್ಚಿಕೆಯ ಲಸಿಕೆ ಸಿಗಬೇಕು. ಪ್ರತಿ ಸಂಜೆ ಚಿಮಟ ಹಿಡಿದಾಗ ನನಗೆ ಇದೇ ಅನ್ನಿಸುತ್ತಿತ್ತು.

ಅಲ್ಲಿಂದ ಫಾಲುನ್. ಮಲಗಿದ್ದು ಒಂದು ಶಾಲೆಯ ತರಗತಿಯಲ್ಲಿ, ನೆಲಕ್ಕೆ ಚಾಪೆ ಹಾಸಿಕೊಂಡು. ರಾತ್ರಿ 10 ಆದರೂ ಪುಸ್ತಕ ಓದುವಷ್ಟು ಬೆಳಕು. ಸ್ವೀಡನ್ನಿನ ಮನೆಗಳ ಆ ಕೆಂಪು ಬಣ್ಣ ಇದೆಯಲ್ಲ, ಅದು ಬಂದಿದ್ದು ಇಲ್ಲಿನ ತಾಮ್ರದ ಗಣಿಯಿಂದ. ಊಟಕ್ಕೆ ನಾನು ತಂದ ಚಟ್ನಿಪುಡಿ ಎರಡೇ ದಿನದಲ್ಲಿ ಖಾಲಿ. ಗರಿಗರಿ ರೈ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ ತಿಂದರು ನೋಡಿ, ಹೊಟ್ಟೆ ತುಂಬಿತು ನನಗೆ.

ಫಾಲುನ್‌ನಿಂದ ದಕ್ಷಿಣಕ್ಕೆ ಬರುವಾಗ ಒಂದು ಕಾಡಿನಲ್ಲಿ ಅಭ್ಯಾಸಕ್ಕೆ ನಿಂತೆವು. ಅಲ್ಲಿ ನಾನೂ ಕೋಚ್ ಜೊತೆ ಕಂಟ್ರೋಲ್ ಕಟ್ಟಲು ಒಳಗೆ ಹೋದೆ. ಒಂದು ಕಡೆ ಅವರು ನಿಂತು, ಇದೇ ಜಾಗ ಅಂದರು. ನನಗೆ ಏನೂ ಕಾಣಿಸಲಿಲ್ಲ. ಬ್ಲೂಬೆರ್ರಿ ಗಿಡ, ಪಾಚಿ, ನಾಲ್ಕು ಮರ. ಸುತ್ತ ನಡೆದು ನೋಡಿ ಅಂದರು. ನಡೆದೆ. ಆಗ ಗೊತ್ತಾಯಿತು, ನೆಲ ಅಲ್ಲಿ ಮಾತ್ರ ಮಟ್ಟಸವಾಗಿದೆ. ಕಣ ಮಾಡಿದ ಹಾಗೆ, ದುಂಡಗೆ. ಅಂಚಿಗೆ ಸಣ್ಣ ಚರಂಡಿ. ಅವರು ಹಿಮ್ಮಡಿಯಿಂದ ಪಾಚಿ ಸ್ವಲ್ಪ ಸರಿಸಿದರು. ಕೆಳಗೆ ಕಡುಕಪ್ಪು ಮಣ್ಣು. ಬೆರಳಿಗೆ ಇದ್ದಿಲಿನ ಚೂರು ಸಿಕ್ಕಿತು. ಹಿಂದಿನ ಕಾಲದಲ್ಲಿ ಕುಲುಮೆಗಳಿಗೆ ಇದ್ದಿಲು ಸುಡುತ್ತಿದ್ದ ಜಾಗವಂತೆ. ಸೌದೆ ಪೇರಿಸಿ, ಮಣ್ಣು ಮುಚ್ಚಿ, ಹಗಲು ರಾತ್ರಿ ಕಾದು ಸುಡುತ್ತಿದ್ದರು. ಸುಟ್ಟವರ ಹೆಸರು ಎಲ್ಲೂ ಇಲ್ಲ. ಅವರ ಕಣ ಮಾತ್ರ ನಕ್ಷೆಯಲ್ಲಿದೆ. ಒಂದು ಪುಟ್ಟ ಗುರುತಾಗಿ ಉಳಿದುಕೊಂಡಿದೆ. 14 ವರ್ಷದ ಮಕ್ಕಳು ಅದನ್ನು ಹುಡುಕಿಕೊಂಡು ಓಡಿ ಬರುತ್ತಾರೆ. ಪಾಚಿಯನ್ನು ಅವರು ಮತ್ತೆ ಸರಿಯಾಗಿ ಮುಚ್ಚಿದರು.

ಯಾರದೋ ಕಾಡಿನಲ್ಲಿ ಹೀಗೆ ಓಡಾಡಬಹುದಾ ಅಂತ ನೀವು ಕೇಳಬಹುದು. ಇಲ್ಲಿ ಎಲ್ಲರಿಗೂ ಆ ಹಕ್ಕು ಇದೆ. ಅಲ್ಲೆಮಾನ್ಸ್‌ರೆತ್ತೆನ್ ಅಂತಾರೆ. ಬೇರೆಯವರ ಕಾಡಿನಲ್ಲಿ ನಡೆಯಬಹುದು, ಹಣ್ಣು, ಅಣಬೆ ಕೊಯ್ಯಬಹುದು, ಒಂದು ರಾತ್ರಿ ಡೇರೆ ಹಾಕಬಹುದು. ಮನೆಯ ಅಂಗಳಕ್ಕೆ, ಬೆಳೆ ಇರುವ ಹೊಲಕ್ಕೆ ಕಾಲಿಡುವ ಹಾಗಿಲ್ಲ. ದೊಡ್ಡ ಸ್ಪರ್ಧೆಗೆ ಮಾಲೀಕರ ಒಪ್ಪಿಗೆ ಕೇಳುತ್ತಾರೆ. ಇದನ್ನೆಲ್ಲ ಮಕ್ಕಳಿಗೆ ಎರಡೇ ಮಾತಿನಲ್ಲಿ ಕಲಿಸುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ: ಕಾಡಬೇಡ, ಕೆಡಿಸಬೇಡ.

ಟೀವೆಡೆನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ದಿನ ವಿಶ್ರಾಂತಿ. ಅಲ್ಲಿ ನಕ್ಷೆ ಇಲ್ಲ, ಓಟ ಇಲ್ಲ. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಸುಮ್ನೆ ನಡೆದೆವು. ಹತ್ತಿರದ ಫಾಗೆರ್ಟರ್ನ್ ಅನ್ನುವ ಕೆರೆಯಲ್ಲಿ ಕೆಂಪು ನೈದಿಲೆ ಅರಳಿತ್ತು.

ಕೊನೆಗೆ ಯೋನ್‌ಶೋಪಿಂಗ್, ವೆಟ್ಟರ್ನ್ ಸರೋವರದ ದಕ್ಷಿಣದ ತುದಿ. ಓ-ರಿಂಗೆನ್. ಇದು ಈ ಆಟದ ಜಾತ್ರೆ. ತೇರಿಲ್ಲದ ಜಾತ್ರೆ ಅಷ್ಟೇ. ಐದು ಓಟ, ಪ್ರತಿ ವರ್ಷ ಬೇರೆ ಊರು. 1965ರಲ್ಲಿ ಶುರುವಾದಾಗ ಓಡಿದವರು 156 ಜನ. 1985ರಲ್ಲಿ ಫಾಲುನ್‌ನಲ್ಲಿ 25 ಸಾವಿರ ದಾಟಿತ್ತು. ಡೇರೆಗಳ ಊರೇ ಎದ್ದಿರುತ್ತದೆ. ಹಸುಗೂಸು ಕಟ್ಟಿಕೊಂಡ ತಾಯಂದಿರು, ಲೋಕ ಚಾಂಪಿಯನ್ನರು, 80 ದಾಟಿದ ಅಜ್ಜ-ಅಜ್ಜಿಯರು, ಎಲ್ಲರೂ ಅದೇ ಕಾಡಿನಲ್ಲಿ. ನೋಡಿ, ಈ ಅಜ್ಜಿ. ಮಂಡಿಗೆ ಪಟ್ಟಿ, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳು ಇಟ್ಟು, ಒಬ್ಬರೇ ಕಾಡಿನೊಳಗೆ ನಡೆದು ಹೋದರು. ಅವರು ವಾಪಸ್ ಬರುವವರೆಗೆ ನಾನು ಅಲ್ಲೇ ನಿಂತಿದ್ದೆ. ಬಂದರು.

ಈ ಆಟವನ್ನು ಇಷ್ಟು ಜನರ ಆಟ ಮಾಡಿದವರು ಎರ್ನ್ಸ್ಟ್ ಕಿಲಾಂಡರ್ ಅನ್ನುವ ಸೈನ್ಯಾಧಿಕಾರಿ. 1919ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್ ಪಕ್ಕದ ನಾಕ್ಕಾದಲ್ಲಿ ದೊಡ್ಡ ಸ್ಪರ್ಧೆ ಮಾಡಿದರು. ಯುವಕರು ಓಟದ ಟ್ರ್ಯಾಕ್ ಬಿಟ್ಟು ಕಾಡಿಗೆ ಬರಲಿ ಅನ್ನುವುದು ಅವರ ಆಸೆಯಾಗಿತ್ತು. ನೂರು ವರ್ಷ ದಾಟಿ, ಆ ಕಾಡಿಗೆ ಸಾಗರದ ಹುಡುಗಿಯೊಬ್ಬಳೂ ಬಂದಿದ್ದಾಳೆ.

ಮೂರನೇ ಓಟದ ದಿನ ಮಳೆ. ಮಗಳು ಮುಗಿಸಿ ಬಂದಳು. ಎಷ್ಟನೇ ಸ್ಥಾನ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಮೊದಲ ಮಾತು ಇದು: "ಅಮ್ಮಾ, ಆರನೇದಕ್ಕೆ ತಪ್ಪಿದೆ. ಕಲ್ಲಿನ ಗೋಡೆಗೆ ವಾಪಸ್ ಹೋದೆ. ಎರಡೇ ನಿಮಿಷ."

ಮನೆಗೆ ಬಂದ ಮೇಲೆ ಎಲ್ಲ ನಕ್ಷೆಗಳನ್ನೂ ಪೆಟ್ಟಿಗೆಗೆ ಹಾಕಿದಳು. ಒಂದನ್ನು ಮಾತ್ರ ಮೇಜಿನ ಮೇಲಿನ ಗೋಡೆಗೆ ಅಂಟಿಸಿದಳು. ಯೋನ್‌ಶೋಪಿಂಗ್‌ನದಲ್ಲ, ಲುನ್ಸೆನ್‌ನದು. ಒದ್ದೆಯಾಗಿ ಒಣಗಿ ಸುಕ್ಕಾಗಿದೆ. ನಾಲ್ಕರಿಂದ ಐದಕ್ಕೆ ಹೋಗುವ ಜಾಗದಲ್ಲಿ ಕೆಂಪು ಗೆರೆ ದಾರದ ಗಂಟಿನ ಹಾಗೆ ಸುತ್ತಿಕೊಂಡಿದೆ. ನಡುವೆ ಒಂದು ಕಡೆ ಗೆರೆಯೇ ಇಲ್ಲ. ಅದನ್ನು ವಿಡಿಯೋದಲ್ಲಿ ತೋರಿಸಲಾ ಅಂತ ಕೇಳಿದೆ. ತೋರಿಸು, ಆದರೆ ನಾನೇ ಹೇಳುತ್ತೇನೆ ಅಂದಳು. ಇಗೋ, ಅವಳ ಬೆರಳು. ಅವಳ ದನಿಯಲ್ಲೇ ಕೇಳಿ.

"ಇಲ್ಲಿ ದೊಡ್ಡ ಬಂಡೆ. ಇಲ್ಲಿಯವರೆಗೆ ನಂಗೆ ಗೊತ್ತಿತ್ತು. ಇದು ಜೌಗು. ಇಲ್ಲಿ ಶೂ ಹೂತುಹೋಯ್ತು. ಇಲ್ಲಿ ಎಲ್ಲಿದ್ದೆ ಅಂತ ಗೊತ್ತಿಲ್ಲ. ಇಲ್ಲಿ ಕೂತು ಅತ್ತಿದ್ದು. ಇಲ್ಲಿ ಎದ್ದೆ. ಇಲ್ಲಿ ಮತ್ತೆ ಅದೇ ಬಂಡೆ."