ಹಿಂದಿರುಗಬೇಕಾದ ಡಬ್ಬಿ

ಮಾನ್ಯ ಅಧ್ಯಕ್ಷರೆ, ಈ ವಾಚನಾಲಯದ ಕಾರ್ಯಕರ್ತರೆ, ಮಕ್ಕಳನ್ನು ಜೊತೆಗೆ ಕರೆತಂದಿರುವ ಎಲ್ಲ ಹಿರಿಯರೆ,

ರಜೆ ಆರಂಭವಾಗಲು ಇನ್ನೊಂದು ವಾರವಿದೆ. ರಜೆಯಲ್ಲಿ ಮನೆಯಲ್ಲೇ ಮಾಡಬಹುದಾದ ಸರಳ ಕರಕುಶಲ ಕೆಲಸಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಾಗ, ಆ ವಿಷಯಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಲು ನಾನೇ ಅನುಮತಿ ಕೇಳಿದೆ: ನೆರೆಮನೆಯವರೊಂದಿಗೆ ಮನೆಯ ಅಡುಗೆಯನ್ನು ಹಂಚಿಕೊಳ್ಳುವುದು. ಕಾಗದ ಕತ್ತರಿಸುವುದಕ್ಕೂ ಅಡುಗೆ ಕಳಿಸುವುದಕ್ಕೂ ಏನು ಸಂಬಂಧವೆಂದು ಸಂಚಾಲಕರು ಆಗ ಕೇಳಿದರು. ಅವರಿಗೆ ಫೋನಿನಲ್ಲಿ ಕೊಡಲಾಗದ ಉತ್ತರವನ್ನು ಇಂದು ಎಲ್ಲರ ಮುಂದೆ ಕೊಡುವ ಪ್ರಯತ್ನ ಮಾಡುತ್ತೇನೆ.

ನನ್ನ ನಂಬಿಕೆ ಇಷ್ಟೇ. ನೆರೆಯವರಿಗೆ ಕೊಡುವ ವಸ್ತು ಸಣ್ಣದಾಗಿರಬೇಕು, ಅದರಲ್ಲಿ ಅವರ ಕೈಗೂ ಸ್ವಲ್ಪ ಕೆಲಸ ಉಳಿದಿರಬೇಕು, ಮತ್ತು ಅದರೊಂದಿಗೆ ಹಿಂದಿರುಗಿ ಬರಲೇಬೇಕಾದದ್ದು ಒಂದಾದರೂ ಇರಬೇಕು. ಬಾಗಿಲನ್ನು ಒಮ್ಮೆ ತಟ್ಟಿ ಬಂದರೆ ಅದು ಭೇಟಿ. ಎರಡನೆಯ ಸಲ ಅವರು ನಮ್ಮ ಬಾಗಿಲು ತಟ್ಟಿದಾಗ ನೆರೆಹೊರೆ ಹುಟ್ಟುತ್ತದೆ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ, ಒಂದು ಸ್ಟೀಲ್ ಡಬ್ಬಿಯಿಂದ ಕಲಿತೆ. ಆ ಡಬ್ಬಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾವಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ, ನಮ್ಮ ಮನೆಯ ಎದುರಿಗೆ, ಹಿರಿಯ ಮಹಿಳೆಯೊಬ್ಬರು ಒಬ್ಬರೇ ವಾಸವಾಗಿದ್ದರು. ಎರಡು ಬಾಗಿಲುಗಳ ನಡುವೆ ಇದ್ದದ್ದು ಆರು ಹೆಜ್ಜೆಯ ಅಂತರ. ಮೂರು ವರ್ಷಗಳಲ್ಲಿ ನಾವು ಪರಸ್ಪರ ಆಡಿದ್ದ ಮಾತುಗಳೆಲ್ಲ ನೀರು ಬಂತೇ, ಕರೆಂಟು ನಿಮ್ಮಲ್ಲೂ ಹೋಗಿದೆಯೇ ಎಂಬಲ್ಲಿಗೆ ಮುಗಿದಿದ್ದವು. ಒಂದು ರಜೆಯ ಮಧ್ಯಾಹ್ನ, ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ನೆಲದ ಮೇಲೆ ಕಾಗದ ಹರಡಿಕೊಂಡು ಆರು ಮೂಲೆಯ ನಕ್ಷತ್ರವೊಂದನ್ನು ಮಾಡುತ್ತಿದ್ದಳು. ಐದು ಮೂಲೆಗಳು ಕೂಡಿಕೊಂಡವು, ಆರನೆಯದಕ್ಕೆ ಬರುವ ಹೊತ್ತಿಗೆ ಗೋಂದು ಮುಗಿಯಿತು. ನಾನು ಯಾವುದೋ ಕೆಲಸದಲ್ಲಿ ಮುಳುಗಿದ್ದವನು, ತಲೆ ಎತ್ತದೆ, ‘ಎದುರು ಮನೆಯಲ್ಲಿ ಕೇಳಿ ನೋಡು’ ಎಂದೆ.

ಅವಳು ಒಂದು ಗಂಟೆ ಕಳೆದರೂ ಬರಲಿಲ್ಲ. ಹೋಗಿ ನೋಡಿದರೆ, ಆ ಹಿರಿಯರು ಒಲೆಯ ಮುಂದೆ ನಿಂತು ಸಣ್ಣ ಪಾತ್ರೆಯಲ್ಲಿ ಏನನ್ನೋ ಕಲಕುತ್ತಿದ್ದರು. ನನ್ನ ಮಗಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹತ್ತಿ ನಿಂತಿದ್ದಳು. ‘ಮನೆಯಲ್ಲಿ ಗೋಂದು ಇಲ್ಲ, ಮೈದಾ ಹಿಟ್ಟಿದೆ, ಅಂಟು ಮಾಡಿಕೊಡುತ್ತೇನೆ ಅಂದೆ’ ಎಂದು ಅವರು ನನಗೆ ವಿವರಣೆ ಕೊಟ್ಟರು. ಮೂರು ವರ್ಷಗಳಲ್ಲಿ ಅವರು ನನ್ನೊಂದಿಗೆ ಆಡಿದ ಅತ್ಯಂತ ಉದ್ದದ ವಾಕ್ಯ ಅದೇ ಆಗಿತ್ತು.

ಆ ರಾತ್ರಿ ನಮ್ಮ ಮನೆಯಲ್ಲಿ ಮಾಡಿದ ಅಡುಗೆಯಲ್ಲಿ ಸ್ವಲ್ಪವನ್ನು ನನ್ನ ಹೆಂಡತಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಕಳಿಸಿದಳು. ಮರುದಿನ ಡಬ್ಬಿ ಬರಲಿಲ್ಲ. ಮೂರು ದಿನವಾಯಿತು, ವಾರವಾಯಿತು. ಕೇಳಿದರೆ ಅವರಿಗೆ ನೋವಾದೀತೆಂಬ ಸಂಕೋಚ ನಮಗೆ. ಹನ್ನೊಂದನೆಯ ದಿನ ಮಗಳು ನಮಗೆ ಹೇಳದೆಯೇ ಹೋಗಿ ಕೇಳಿಬಿಟ್ಟಳು. ಡಬ್ಬಿ ತೊಳೆದು ಒರೆಸಿ ಮೇಜಿನ ಮೇಲೆಯೇ ಇತ್ತಂತೆ, ಮುಚ್ಚಳ ಪಕ್ಕದಲ್ಲಿ. ‘ಖಾಲಿ ಡಬ್ಬಿ ಹೇಗೆ ಕೊಡಲಿ ಮಗು? ಒಬ್ಬಳಿಗೋಸ್ಕರ ಅಡುಗೆ ಮಾಡುವುದನ್ನು ಬಿಟ್ಟು ಎರಡು ವರ್ಷವಾಯಿತು. ಈಗ ಒಲೆ ಹಚ್ಚುವುದು ಹಾಲು ಕಾಯಿಸುವುದಕ್ಕಷ್ಟೇ’ ಎಂದರಂತೆ. ಅದಕ್ಕೆ ಮಗಳು, ‘ಹಾಗಾದರೆ ಕಾಗದ ತುಂಬೋಣ ಅಜ್ಜಿ’ ಎಂದಳು.

ಆ ಸಂಜೆ ಡಬ್ಬಿ ಮನೆಗೆ ಬಂತು. ಮುಚ್ಚಳ ತೆಗೆದರೆ ಒಳಗೆ ಇಪ್ಪತ್ತಮೂರು ಕಾಗದದ ಹಕ್ಕಿಗಳು, ಕೆಲವಕ್ಕೆ ಕತ್ತು ಸೊಟ್ಟ, ಒಂದಕ್ಕೆ ಬಾಲವೇ ಇಲ್ಲ. ಮುಂದಿನ ವಾರ ನಾವು ಮತ್ತೆ ಅಡುಗೆ ಕಳಿಸಿದೆವು. ಈ ಸಲ ಎರಡನೆಯ ದಿನಕ್ಕೇ ಡಬ್ಬಿ ಮರಳಿತು, ತಳದಲ್ಲಿ ಅವರೇ ಮಾಡಿದ ಒಂದು ಹಿಡಿಯಷ್ಟು ಸಿಹಿಯೊಂದಿಗೆ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಎರಡು ವರ್ಷದಿಂದ ತಣ್ಣಗಿದ್ದ ಒಲೆ ಅದು.

ಇಷ್ಟು ಹೇಳಿದ ಮೇಲೆ ಆ ಅಂಟಿನ ವಿಚಾರವನ್ನು ಬಿಟ್ಟು ಮುಂದೆ ಹೋಗಲಾರೆ, ಏಕೆಂದರೆ ಕರಕುಶಲವೆಂಬುದು ಅಂಗಡಿಯಿಂದ ತಂದ ಪೊಟ್ಟಣದಿಂದ ಆರಂಭವಾಗುವುದಲ್ಲ, ಅಡುಗೆಮನೆಯಿಂದ ಆರಂಭವಾಗುವಂಥದ್ದು. ಒಂದು ಅಳತೆ ಮೈದಾ ಹಿಟ್ಟಿಗೆ ನಾಲ್ಕರಿಂದ ಐದು ಅಳತೆ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕಬೇಕು. ಶಾಖ 60 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ಹಿಟ್ಟಿನ ಪಿಷ್ಟದ ಕಣಗಳು ನೀರು ಹೀರಿ ಊದಿಕೊಳ್ಳತೊಡಗುತ್ತವೆ, ಬಿಳಿಯ ನೀರು ಅರೆಪಾರದರ್ಶಕವಾಗಿ ದಪ್ಪಗಾಗುತ್ತದೆ. ಮಗುವಿಗೆ ವಿಜ್ಞಾನದ ಪಾಠ ಬೇಕಿದ್ದರೆ ಆ ಕ್ಷಣದಲ್ಲಿ ಪಾತ್ರೆಯೊಳಗೆ ನೋಡಲು ಹೇಳಿ. ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವ ಪರಿಣತರು ಇಂದಿಗೂ ಗೋಧಿ ಪಿಷ್ಟದ ಅಂಟನ್ನೇ ಬಳಸುತ್ತಾರೆ; ಬೇಕಾದಾಗ ನೀರು ತಾಗಿಸಿ ಬಿಡಿಸಬಹುದೆಂಬುದು ಅದಕ್ಕೆ ಕಾರಣ. ಈ ಅಂಟು ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಹುಳಿ ವಾಸನೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಅದೊಂದು ಗುಣವೇ. ಉಳಿಯದ ವಸ್ತುವನ್ನು ಹಂಚಲೇಬೇಕಲ್ಲವೇ?

ಕಾಗದದ ಬಗ್ಗೆಯೂ ಒಂದು ಮಾತು ಹೇಳಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ವೃತ್ತಪತ್ರಿಕೆಯ ಹಾಳೆಯನ್ನು ಒಂದು ದಿಕ್ಕಿನಲ್ಲಿ ಹರಿದರೆ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸೊಟ್ಟಸೊಟ್ಟಗೆ ಹೋಗುತ್ತದೆ. ನಾರಿನ ಗುಂಟ ಮಡಿಸಿದ ಮಡಿಕೆ ಚೂಪಾಗಿ ನಿಲ್ಲುತ್ತದೆ. ಅಡ್ಡಲಾಗಿ ಮಡಿಸಿದರೆ, ಅದರಲ್ಲೂ ರಟ್ಟನ್ನು ಹಾಗೆ ಮಡಿಸಿದರೆ, ಅಂಚು ಬಿರಿಯುತ್ತದೆ. ಮಕ್ಕಳು ಮಾಡಿದ್ದು ಸರಿಯಾಗಿ ನಿಲ್ಲದಿದ್ದಾಗ ನಾವು ಅವರ ಕೈಯನ್ನು ದೂರುತ್ತೇವೆ, ಎಷ್ಟೋ ಸಲ ತಪ್ಪು ಕಾಗದದ ದಿಕ್ಕಿನದಾಗಿರುತ್ತದೆ. ಇನ್ನು ಕಚೇರಿಗಳಲ್ಲಿ ಒಂದು ಬದಿ ಮುದ್ರಿಸಿ ಎಸೆಯುವ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅದರಿಂದ ಹಕ್ಕಿಗೆ ಬೇಕಾದ ಚೌಕವನ್ನು ಕತ್ತರಿಸಿಕೊಂಡರೆ 87 ಮಿಲಿಮೀಟರ್ ಅಗಲದ ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿಯನ್ನೇ ಸೀಳಿ ಬಳೆಗಳಂತೆ ಕೋದರೆ ಕಾಗದದ ಸರಪಳಿ. ಒಂದು ಹಾಳೆಯಲ್ಲಿ ಎಸೆಯುವಂಥದ್ದು ಏನೂ ಉಳಿಯಲಿಲ್ಲ.

ಕಾಗದ ಮಡಿಸುವುದು ಮಕ್ಕಳ ಹೊತ್ತು ಕಳೆಯುವ ಆಟವಷ್ಟೇ ಎಂದು ಭಾವಿಸುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಜರ್ಮನಿಯಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಅವರ ಪದ್ಧತಿಯಲ್ಲಿ ಕಾಗದ ಮಡಿಸುವುದು ಒಂದು ಕ್ರಮಬದ್ಧ ಪಾಠವೇ ಆಗಿತ್ತು.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಮೈಕಲ್ ನಾರ್ಟನ್, ಡೇನಿಯಲ್ ಮೊಚನ್, ಡಾನ್ ಏರಿಯಲಿ ಎಂಬ ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ, ಹೊಸಬರಿಗೆ ಕಾಗದ ಕೊಟ್ಟು ಕೊಕ್ಕರೆಯನ್ನೋ ಕಪ್ಪೆಯನ್ನೋ ಮಡಿಸಲು ಹೇಳಿದರು. ಮಡಿಸಿದವರು ತಮ್ಮ ಕೈಯ ಆ ಸೊಟ್ಟ ಗೊಂಬೆಗೆ, ಪರಿಣತರು ಮಡಿಸಿದ್ದಕ್ಕೆ ಸಿಗುವಷ್ಟೇ ಬೆಲೆಯನ್ನು ಹತ್ತಿರಹತ್ತಿರ ಕಟ್ಟಿದರು. ನೋಡಿದವರ ಕಣ್ಣಿಗೆ ಮಾತ್ರ ಅದು ಹೆಚ್ಚುಕಡಿಮೆ ಮುದುಡಿದ ಕಾಗದವಾಗಿತ್ತು. ಇದನ್ನು ಓದಿದಾಗ ನನಗೆ ಆ ಡಬ್ಬಿಯೊಳಗಿನ ಬಾಲವಿಲ್ಲದ ಹಕ್ಕಿ ನೆನಪಾಯಿತು. ನಾವು ಮಾಡಿ, ಮುಗಿಸಿ, ಅಲಂಕರಿಸಿ ಕೊಟ್ಟ ವಸ್ತುವಿನ ಮೇಲಿನ ಮಮತೆ ನಮ್ಮಲ್ಲಿಯೇ ಉಳಿದುಬಿಡುತ್ತದೆ. ಪಡೆದವರು ಸೌಜನ್ಯಕ್ಕೆ ಚೆನ್ನಾಗಿದೆ ಎನ್ನುತ್ತಾರೆ, ಒಂದು ತಿಂಗಳಿಗೆ ಅದು ಕಪಾಟಿನ ಹಿಂದಕ್ಕೆ ಹೋಗುತ್ತದೆ. ಅದೇ ಆರು ಮೂಲೆಗಳಲ್ಲಿ ಒಂದನ್ನು ಅವರೇ ಅಂಟಿಸಿದ್ದರೆ ಆ ನಕ್ಷತ್ರ ಎರಡು ಮನೆಗಳದ್ದಾಗುತ್ತದೆ. ಆದ್ದರಿಂದಲೇ ಪರಿಪೂರ್ಣವಾದ ಉಡುಗೊರೆಯನ್ನು ನಾನು ಒಪ್ಪುವುದಿಲ್ಲ. ಒಂದು ಮೂಲೆ ಉಳಿಸಿಕೊಂಡು ಹೋಗಿ. ಗೋಂದು ಮುಗಿದದ್ದು ನಮ್ಮ ಪುಣ್ಯ ಎಂದು ನನ್ನ ಮಗಳು, ಈಗ ದೊಡ್ಡವಳಾಗಿದ್ದಾಳೆ, ಆಗಾಗ ಹೇಳುತ್ತಿರುತ್ತಾಳೆ.

ಅಡುಗೆಗೂ ಇದೇ ನ್ಯಾಯ. ನೆರೆಯವರಿಗೆ ದೊಡ್ಡ ಪಾತ್ರೆಯ ತುಂಬ ಕಳಿಸಿದರೆ ಪ್ರೀತಿ ದೊಡ್ಡದಾಗುವುದಿಲ್ಲ, ಹೊರೆ ದೊಡ್ಡದಾಗುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ತಮ್ಮ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಎಂಬ ಮೂರು ಕಟ್ಟುಪಾಡುಗಳು ಉಡುಗೊರೆಯಲ್ಲಿ ಹೆಣೆದುಕೊಂಡಿರುತ್ತವೆ ಎಂದು ವಿವರಿಸಿದರು. ಮೂರನೆಯದು ಅಸಾಧ್ಯವಾಗುವಷ್ಟು ಕೊಟ್ಟರೆ ಪಡೆದವರು ತಲೆ ತಗ್ಗಿಸಬೇಕಾಗುತ್ತದೆ, ಮುಂದೆ ನಮ್ಮನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹನ್ನೊಂದು ದಿನ ಆ ಡಬ್ಬಿ ಮೇಜಿನ ಮೇಲೆ ಕುಳಿತದ್ದು ಯಾಕೆಂದು ಈಗ ನಿಮಗೆ ತಿಳಿದಿರಬಹುದು. ಒಂದು ಹೊತ್ತಿಗೆ ಮುಗಿಯುವಷ್ಟು, ಕೈಯಲ್ಲಿ ಹಿಡಿಯುವಷ್ಟು, ಹಿಂದೆ ಕೊಡಲು ಅವರ ಶಕ್ತಿಯಲ್ಲಿರುವಷ್ಟು ಕಳಿಸಿದರೆ ಸಾಕು.

ಇಲ್ಲಿ ನನ್ನ ದೊಡ್ಡ ತಕರಾರು ಇರುವುದು ಎಸೆಯುವ ಡಬ್ಬಿಗಳ ಮೇಲೆ. ‘ಅವರಿಗೆ ಹಿಂದಿರುಗಿಸುವ ತೊಂದರೆ ಏಕೆ’ ಎಂಬ ಒಳ್ಳೆಯ ಮನಸ್ಸಿನಿಂದಲೇ ನಾವು ಅದರಲ್ಲಿ ಕಳಿಸುತ್ತೇವೆ. ಆ ತೊಂದರೆಯೇ ಅಲ್ಲವೇ ನಮಗೆ ಬೇಕಾಗಿದ್ದದ್ದು? ಎಸೆಯುವ ಡಬ್ಬಿಯೊಂದಿಗೆ ಎರಡನೆಯ ಸಲ ಬಾಗಿಲು ತಟ್ಟುವ ಕಾರಣವನ್ನೂ ಎಸೆದುಬಿಟ್ಟಿದ್ದೇವೆ.

ಆದರೆ ಪ್ರೀತಿಯಿಂದ ಕಳಿಸಿದ ಅಡುಗೆಯಿಂದ ಯಾರಿಗೂ ಅಪಾಯವಾಗಬಾರದು, ಆ ಎಚ್ಚರವೂ ಪ್ರೀತಿಯ ಭಾಗವೇ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನದ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯುವ ಶಾಖದಲ್ಲೂ ಉಳಿಯಬಲ್ಲವು, ಅನ್ನ ಬೆಚ್ಚಗೆ ಬಹಳ ಹೊತ್ತು ಉಳಿದರೆ ಅವು ಬೆಳೆದು ವಿಷವನ್ನು ಬಿಡುತ್ತವೆ, ಆ ವಿಷದಲ್ಲಿ ಒಂದು ಬಗೆಯದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: ಯಾವಾಗ ಮಾಡಿದ್ದು, ಒಳಗೆ ಏನೇನಿದೆ. ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು, ಗೋಧಿ, ಮೊಟ್ಟೆ, ಇವುಗಳಲ್ಲಿ ಯಾವುದಾದರೂ ಒಂದು ಆಗದವರು ಇರುತ್ತಾರೆ. ಒಂದು ವರ್ಷ ತುಂಬದ ಮಗುವಿರುವ ಮನೆಗೆ ಜೇನುತುಪ್ಪ ಹಾಕಿದ್ದನ್ನು ಕಳಿಸುವಾಗ ಮಗುವಿಗೆ ಕೊಡಬಾರದೆಂದು ಬಾಯಿಬಿಟ್ಟು ಹೇಳಬೇಕು. ಆ ಚೀಟಿಯನ್ನು ಬರೆದು ಬಣ್ಣ ತುಂಬುವ ಕೆಲಸವನ್ನು ಮಕ್ಕಳಿಗೆ ಬಿಟ್ಟರೆ, ಸಂಚಾಲಕರೆ, ನಿಮ್ಮ ವಿಷಯ ಮತ್ತು ನನ್ನ ವಿಷಯ ಅಲ್ಲಿ ಒಂದಾದವು.

ಸಮಯ ಮುಗಿಯುತ್ತಿದೆ ಎಂದು ಚೀಟಿ ಬಂದಿದೆ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಉಳಿದಿದೆ, ಅದರಲ್ಲಿ ಒಂದನ್ನು ಮಾತ್ರ ಹೇಳದೆ ಬಿಡಲಾರೆ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಕೆಲವೇ ದಿನಗಳ ತೀವ್ರ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳ ಮಂದಿ ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದವರು. ಒಬ್ಬರಾದರೂ ಬಂದು ಬಾಗಿಲು ತಟ್ಟಿದ್ದರೆ ಅವರಲ್ಲಿ ಎಷ್ಟೋ ಜನ ಉಳಿಯಬಹುದಿತ್ತು. ನಮ್ಮ ಎದುರು ಮನೆಯ ಡಬ್ಬಿ ನಾಲ್ಕು ವರ್ಷ ಓಡಾಡಿತು. ಎರಡು ದಿನಕ್ಕೊಮ್ಮೆ ಬರುತ್ತಿದ್ದ ಆ ಡಬ್ಬಿ ಒಮ್ಮೆ ನಾಲ್ಕನೆಯ ದಿನವೂ ಬರಲಿಲ್ಲ. ಈ ಸಲ ನಾವು ಹನ್ನೊಂದು ದಿನ ಕಾಯಲಿಲ್ಲ. ಹೋಗಿ ತಟ್ಟಿದೆವು. ಜ್ವರದಲ್ಲಿ ಏಳಲಾರದೆ ಮಲಗಿದ್ದರು, ನೀರು ಕುಡಿದು ಒಂದು ದಿನವಾಗಿತ್ತು. ವೈದ್ಯರ ಬಳಿ ಕರೆದುಕೊಂಡು ಹೋದೆವು, ವಾರದಲ್ಲಿ ಎದ್ದು ಓಡಾಡಿದರು. ಮೊದಲಿನ ಮೂರು ವರ್ಷಗಳಲ್ಲಿ ಹೀಗಾಗಿದ್ದರೆ ನಮಗೆ ತಿಳಿಯುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕಾಗದದ ದೀಪದೊಳಗೆ ಮೇಣದ ಬತ್ತಿ ಇಡಬೇಡಿ, ಸಣ್ಣ ಎಲ್‌ಇಡಿ ದೀಪ ಸಾಕು. ಮಿನುಗುವ ಪುಡಿ ಬಹುಪಾಲು ಪ್ಲಾಸ್ಟಿಕ್, ಅಡುಗೆ ಇಡುವ ಮೇಜಿನ ಮೇಲೆ ಬೇಡ. ಚಿಕ್ಕ ಮಕ್ಕಳಿಗೆ ಮೊಂಡು ತುದಿಯ ಕತ್ತರಿ ಕೊಡಿ. ಉಳಿದದ್ದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಸಭಾಂಗಣದ ಹಿಂಬದಿಯ ಮೇಜಿನ ಮೇಲೆ ಒಂದು ಬದಿ ಮುದ್ರಿಸಿದ ಹಾಳೆಗಳನ್ನೂ, ಇಂದು ಬೆಳಿಗ್ಗೆ ಕಾಯಿಸಿದ ಅಂಟನ್ನು ತುಂಬಿದ ನಲವತ್ತು ಗಾಜಿನ ಶೀಶೆಗಳನ್ನೂ ಇಡಲಾಗಿದೆ. ಮನೆಗೊಂದು ತೆಗೆದುಕೊಂಡು ಹೋಗಿ. ಶೀಶೆಗಳು ಈ ವಾಚನಾಲಯದವು. ಅಂಟು ಮುಗಿದ ಮೇಲೆ ತೊಳೆದು, ಮುಚ್ಚಳದ ಸಮೇತ, ದಯವಿಟ್ಟು ಇಲ್ಲಿಗೇ ತಂದುಕೊಡಬೇಕು.

ನಮಸ್ಕಾರ.